ಕಲ್ಲಿನ ಮೇಲಿಲ್ಲದ ಹೆಸರು: ಇತಿಹಾಸ ಆನರ್ಸ್ ಕಲಿಕೆ ಮತ್ತು ಮಸರಕಲ್ ಭಾಗದ ಒಂದು ಅಭ್ಯಾಸ ಪಾಠ

ಪೀಠಿಕೆ

ಬೋಧನಾ ಅಭ್ಯಾಸಕ್ಕೆ ಮಸರಕಲ್ ಭಾಗದ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋದ ಎರಡನೆಯ ವಾರ, ಎಂಟನೆಯ ತರಗತಿಗೆ ಮೌರ್ಯರ ಪಾಠ ಮಾಡುವಾಗ ನಾನು ಒಂದು ತಪ್ಪು ಹೇಳಿದೆ. ಹಿಂದೆ ಕುಳಿತು ಪಾಠ ವೀಕ್ಷಿಸುತ್ತಿದ್ದ ಸಹಪ್ರಶಿಕ್ಷಣಾರ್ಥಿಗೂ ಅದು ತಪ್ಪೆಂದು ಹೊಳೆಯಲಿಲ್ಲ. ಹೊಳೆಯುವಂತೆಯೂ ಇರಲಿಲ್ಲ. ನಾವಿಬ್ಬರೂ ಇತಿಹಾಸ ಓದಿ ಬಿ.ಎ. ಮುಗಿಸಿದವರು, ಅದೇ ವಾಕ್ಯವನ್ನು ಪರೀಕ್ಷೆಗಳಲ್ಲಿ ಬರೆದು ಅಂಕ ಪಡೆದವರು. ತಪ್ಪು ಹೊರಬಿದ್ದದ್ದು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಯಿಂದ.

ಅದನ್ನು ತಿದ್ದಲು ಹೋದಾಗಲೇ, ನನಗೆ ಸಿಗದೆ ಹೋದ ಇತಿಹಾಸ ಆನರ್ಸ್ ವರ್ಷದ ಅರ್ಥ ತಿಳಿಯಿತು. ಆನರ್ಸ್ ಎಂದರೆ ಇನ್ನೊಂದು ವರ್ಷ, ಇನ್ನಷ್ಟು ಪತ್ರಿಕೆಗಳು, ಪದವಿಯ ಹೆಸರಿನ ಮುಂದೆ ಆವರಣದಲ್ಲಿ ಒಂದು ಪದ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಒಂದು ಆಧಾರದ ಮುಂದೆ ಬಹಳ ಹೊತ್ತು ಕುಳಿತು, ಅದು ಹೇಳುವುದೆಷ್ಟು, ಹೇಳದೆ ಬಿಟ್ಟದ್ದೆಷ್ಟು ಎಂದು ಬೇರೆ ಮಾಡಿ, ತನ್ನ ಉತ್ತರವನ್ನು ಬೇರೊಬ್ಬರ ಪ್ರಶ್ನೆಯ ಮುಂದೆ ಇಡುವ ಅಭ್ಯಾಸವೇ ಆನರ್ಸ್‌ನ ಸಾರ. ಆ ಅಭ್ಯಾಸದ ಒಂದು ಭಾಗವನ್ನಾದರೂ ನಮ್ಮ ಬಿ.ಇಡಿ. ತರಗತಿಗೂ ಪ್ರೌಢಶಾಲೆಗೂ ತರಬಹುದೆ ಎಂಬುದು ಈ ಲೇಖನದ ವಿಷಯ. ಪಾಠದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದೇನೆ.

ಮೊದಲ ಪಾಠದಲ್ಲಿ ನಡೆದದ್ದು

ಕಲಿಕಾಂಶ ಅಶೋಕನ ಶಾಸನಗಳು. ಮಸ್ಕಿ ನಮ್ಮ ಜಿಲ್ಲೆಯದೇ ಆದ್ದರಿಂದ ಪೀಠಿಕೆ ಪ್ರಶ್ನೆಗಳಿಗೆ ಕಷ್ಟವಾಗಲಿಲ್ಲ. "ಮಸ್ಕಿ ಯಾರು ನೋಡಿದ್ದೀರಿ?" ಎಂದಾಗ ಐದಾರು ಕೈ ಮೇಲೆದ್ದವು. ಊರು ನೋಡಿದವರಿದ್ದರು, ಶಾಸನ ನೋಡಿದವರು ಇರಲಿಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಆ ಶಾಸನ ಬಿದ್ದ ಸಂಗತಿ ಹೇಳಿದಾಗ ಮಕ್ಕಳು ಕಿವಿಗೊಟ್ಟು ಕೇಳಿದರು. ಹಟ್ಟಿ ಚಿನ್ನದ ಗಣಿಯ ಹೆಸರು ಗೊತ್ತಿಲ್ಲದ ಮಗು ನಮ್ಮ ಕಡೆ ಇಲ್ಲ. ಆಮೇಲೆ ಕಪ್ಪುಹಲಗೆಯ ಮೇಲೆ ಸಾರಾಂಶವಾಗಿ ಹೀಗೆ ಬರೆದೆ: ದೇವಾನಾಂಪ್ರಿಯ ಪ್ರಿಯದರ್ಶಿ ಎಂದರೆ ಅಶೋಕನೇ ಎಂಬುದನ್ನು ಮಸ್ಕಿ ಶಾಸನ ಸಾಬೀತುಪಡಿಸಿತು.

ಎರಡನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ, ಆ ಕಲ್ಲಿನ ಮ್ಯಾಲ ಪ್ರಿಯದರ್ಶಿ ಅಂತ ಬರದಾರೇನ್ರಿ?"

"ಹೌದಮ್ಮ, ಬರೆದಿದೆ" ಎಂದೆ. ಅವಳು ಕುಳಿತಳು. ಪಾಠ ಮುಂದುವರಿಯಿತು. ಮೌಲ್ಯಮಾಪನದ ಪ್ರಶ್ನೆಗಳಿಗೆ ಉತ್ತರ ಚೆನ್ನಾಗಿ ಬಂದವು. ಸಹಪಾಠಿಯ ವೀಕ್ಷಣಾ ಹಾಳೆಯಲ್ಲಿ "ಸ್ಥಳೀಯ ಉದಾಹರಣೆ ಉತ್ತಮವಾಗಿದೆ" ಎಂದಿತ್ತು.

ಅಂದು ರಾತ್ರಿ ಮರುದಿನದ ಚಾರ್ಟ್‌ಗಾಗಿ, ಮಹಾವಿದ್ಯಾಲಯದ ಗ್ರಂಥಾಲಯದಿಂದ ತಂದಿದ್ದ ಅಶೋಕನ ಶಾಸನಗಳ ಸಂಕಲನ ತೆಗೆದೆ. ಮಸ್ಕಿ ಶಾಸನದ ಮೂಲಪಾಠವನ್ನು ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಬರೆಯುವ ಯೋಚನೆ. ಮೊದಲ ಸಾಲಿನಲ್ಲಿ ದೇವಾನಾಂಪ್ರಿಯ ಎಂಬರ್ಥದ ಪ್ರಾಕೃತ ಪದವಿತ್ತು, ಅದರ ಪಕ್ಕದಲ್ಲಿ ಅಶೋಕ ಎಂಬ ಹೆಸರಿತ್ತು. ಪ್ರಿಯದರ್ಶಿ ಕಾಣಲಿಲ್ಲ. ಕೊನೆಯ ಸಾಲಿನವರೆಗೆ ಎರಡು ಸಲ ಓದಿದೆ. ಎಲ್ಲಿಯೂ ಇರಲಿಲ್ಲ.

ಮೂರು ವರ್ಷ ಇತಿಹಾಸ ಓದಿದವನು, ತನ್ನ ಜಿಲ್ಲೆಯ ಅತ್ಯಂತ ಪ್ರಸಿದ್ಧ ಶಾಸನವನ್ನು ಒಮ್ಮೆಯೂ ಮೂಲದಲ್ಲಿ ಓದಿರಲಿಲ್ಲ. ಶಾಸನದ ಬಗ್ಗೆ ಇತರರು ಬರೆದ ವಾಕ್ಯವನ್ನಷ್ಟೇ ಓದಿದ್ದೆ. ಹುಡುಗಿ ಕೇಳಿದ್ದು ಶಾಸನದ ಬಗ್ಗೆ. ನಾನು ಉತ್ತರ ಕೊಟ್ಟದ್ದು ಗೈಡಿನಿಂದ.

ನನಗೆ ಸಿಗದ ನಾಲ್ಕನೆಯ ವರ್ಷ

ನಾನು ಬಿ.ಎ.ಗೆ ಸೇರಿದ್ದು 2021ರಲ್ಲಿ. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ತರಗತಿ ಶುರುವಾದ ಮೊದಲ ವರ್ಷ ಅದು. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂದು ಪ್ರವೇಶದ ದಿನ ಹೇಳಿದ್ದರು. 2022ರ ಡಿಸೆಂಬರ್‌ನಲ್ಲಿ ಯುಜಿಸಿ ಪ್ರಕಟಿಸಿದ ಚೌಕಟ್ಟಿನಲ್ಲಿ ನಾಲ್ಕನೆಯ ವರ್ಷಕ್ಕೆ ಎರಡು ದಾರಿ ಇದ್ದವು. ಹೆಚ್ಚಿನ ಪತ್ರಿಕೆಗಳನ್ನು ಓದಿ ಪಡೆಯುವ ಆನರ್ಸ್ ಒಂದು. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡ 75 ಅಂಕ ಪಡೆದವರು, ಮಾರ್ಗದರ್ಶಕರ ಕೈಕೆಳಗೆ 12 ಕ್ರೆಡಿಟ್‌ನ ಸಂಶೋಧನಾ ಪ್ರಬಂಧ ಬರೆದು ಪಡೆಯುವ ಸಂಶೋಧನಾ ಆನರ್ಸ್ ಇನ್ನೊಂದು.

ಆರನೆಯ ಸೆಮಿಸ್ಟರ್ ಮುಗಿದಾಗ ನಾನು ಓದಿದ ಕಾಲೇಜಿನಲ್ಲಿ ನಾಲ್ಕನೆಯ ವರ್ಷದ ತರಗತಿ ನಡೆಯಲಿಲ್ಲ. ಬೇರೆ ಊರಿಗೆ ಹೋಗಿ ರೂಮು ಮಾಡಿಕೊಂಡು ಓದಬೇಕಿತ್ತು. ಆ ವರ್ಷ ನಮ್ಮ ಮನೆಯವರು ಗುಳೆ ಹೋಗಿದ್ದರು. ಬೆಂಗಳೂರಿನಿಂದ ಫೋನ್ ಮಾಡಿದ ಅಪ್ಪ ಕೇಳಿದ್ದು ಒಂದೇ ಮಾತು: "ಆನರ್ಸ್ ಓದಿದ್ರ ನೌಕರಿ ಬ್ಯಾರೆ ಸಿಗತೈತೇನಪಾ? ಬಿ.ಇಡಿ.ಗೆ ಮೂರು ವರ್ಷದ್ದೇ ಸಾಕಲ್ಲ." ಅವರ ಲೆಕ್ಕ ತಪ್ಪಿರಲಿಲ್ಲ. ಆನರ್ಸ್ ಓದಿದರೆ ನನಗೆ ಏನು ಬರುತ್ತದೆ ಎಂದು ಅವರಿಗೆ ತಿಳಿಸಿ ಹೇಳಲು ನನಗೇ ಗೊತ್ತಿರಲಿಲ್ಲ. ಬಿ.ಇಡಿ. ಸೇರಿದೆ.

ಅದೇ 2024ರ ಮೇ ತಿಂಗಳಲ್ಲಿ, ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ, 2024-25ರಿಂದ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿ ಎಂದು ಸರ್ಕಾರ ಆದೇಶ ಮಾಡಿತು. ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಚರ್ಚೆ ಈ ಲೇಖನದ್ದಲ್ಲ. ಬಡ ಮನೆಯ ಮಕ್ಕಳಿಗೆ ಒಂದು ವರ್ಷದ ಖರ್ಚು ಎಂದರೇನು ಎಂಬುದು ನನ್ನ ಮನೆಯಲ್ಲೇ ಕಂಡದ್ದು. ನನ್ನ ಚಿಂತೆ ಬೇರೆ. ವರ್ಷ ಹೋದರೆ ಹೋಗಲಿ. ಆ ವರ್ಷದಲ್ಲಿ ಕಲಿಸಬೇಕಿದ್ದದ್ದನ್ನು ನಾವು ಎಲ್ಲಿ ಕಲಿಯಬೇಕು?

ಆನರ್ಸ್ ಎಂಬ ಓದಿನ ಕ್ರಮ

ಆನರ್ಸ್ ನಮ್ಮ ನಾಡಿಗೆ 2021ರಲ್ಲಿ ಮೊದಲ ಬಾರಿಗೆ ಬಂದ ಪದವಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಆನರ್ಸ್ ಇತ್ತು. ಇಂಟರ್‌ಮೀಡಿಯೆಟ್ ಆದ ಮೇಲೆ ಒಂದೇ ವಿಷಯವನ್ನು ಆಳವಾಗಿ ಓದುವ ಕ್ರಮ. ಕವಿ ಜಿ. ಎಸ್. ಶಿವರುದ್ರಪ್ಪನವರು 1949ರಲ್ಲಿ ಕನ್ನಡ ಆನರ್ಸ್ ಮುಗಿಸಿದ್ದು ಅಲ್ಲಿಯೇ. ಇತಿಹಾಸ ಕಲಿಸುತ್ತಿದ್ದವರಲ್ಲಿ 1929ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದ ಡಾ. ಎಂ. ಎಚ್. ಕೃಷ್ಣ ಇದ್ದರು, ಕರ್ನಾಟಕ ಇತಿಹಾಸದ ಆಕರಗಳನ್ನು ಒಟ್ಟುಮಾಡಿದ ಎಸ್. ಶ್ರೀಕಂಠಶಾಸ್ತ್ರಿಗಳಿದ್ದರು. ನೆಲ ಅಗೆದವರು, ಆಕರಗಳನ್ನು ಕೈಯಾರೆ ನೋಡಿದವರು ಪದವಿ ವಿದ್ಯಾರ್ಥಿಗಳ ಎದುರಿಗೆ ನಿಂತು ಪಾಠ ಹೇಳುತ್ತಿದ್ದರು. ಮುಂದೆ ಆ ಪದ್ಧತಿ ನಿಂತು ಮೂರು ವರ್ಷದ ಬಿ.ಎ., ಎರಡು ವರ್ಷದ ಎಂ.ಎ. ಎಂಬ ಕ್ರಮ ಬಂತು. ದೆಹಲಿಯಂಥ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ ಆನರ್ಸ್ ಉಳಿದುಕೊಂಡಿತು.

ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ವಿಶ್ವವಿದ್ಯಾಲಯವೆಂದರೆ 1918ರಲ್ಲಿ ಆರಂಭವಾದ ಉಸ್ಮಾನಿಯಾ. ಕಲಿಕಾ ಮಾಧ್ಯಮ ಉರ್ದು. ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿದ್ದು 1956ರಲ್ಲಿ. ಗುಲಬರ್ಗಾ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಮಸ್ಕಿ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಓದಿ ಸಂಪಾದಿಸಿದರು. 1915ರಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಖ್ಯೆಯಾಗಿ ಅದು ಅಚ್ಚಾಯಿತು. ಕಲ್ಲು ನಮ್ಮಲ್ಲಿತ್ತು, ಅದನ್ನು ಓದುವ ತರಬೇತಿ ದೂರದಲ್ಲಿತ್ತು.

ಹೊರದೇಶದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಮೆರಿಕದ ಸ್ವಾರ್ತ್‌ಮೋರ್ ಎಂಬ ಸಣ್ಣ ಕಾಲೇಜಿನಲ್ಲಿ ಫ್ರಾಂಕ್ ಐಡೆಲಾಟ್ ಅಧ್ಯಕ್ಷರಾಗಿದ್ದಾಗ 1922ರಲ್ಲಿ ಆನರ್ಸ್ ಕಾರ್ಯಕ್ರಮ ಶುರುವಾಯಿತು. ಅವರು ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರು. ಅಲ್ಲಿನ ಕ್ರಮದಲ್ಲಿ ಉಪನ್ಯಾಸಕ್ಕಿಂತ ಸೆಮಿನಾರ್ ಮುಖ್ಯ. ಕೆಲವೇ ವಿದ್ಯಾರ್ಥಿಗಳು ಒಂದು ಮೇಜಿನ ಸುತ್ತ ಕುಳಿತು ತಾವು ಬರೆದದ್ದನ್ನು ಓದುತ್ತಾರೆ, ಉಳಿದವರು ಪ್ರಶ್ನಿಸುತ್ತಾರೆ. ಕೊನೆಗೆ ಪರೀಕ್ಷಿಸುವವರು ಕಲಿಸಿದ ಅಧ್ಯಾಪಕರಲ್ಲ, ಹೊರಗಿನಿಂದ ಬಂದ ಪರೀಕ್ಷಕರು. ಹೀಗಾದಾಗ ಅಧ್ಯಾಪಕರು ವಿದ್ಯಾರ್ಥಿಯ ಎದುರಾಳಿಯಾಗುವುದಿಲ್ಲ; ಇಬ್ಬರೂ ಒಂದೇ ಕಡೆ ನಿಂತು ಹೊರಗಿನವರ ಪ್ರಶ್ನೆಗೆ ಸಿದ್ಧರಾಗುತ್ತಾರೆ.

ಮೈಸೂರಿನದು, ಸ್ವಾರ್ತ್‌ಮೋರ್‌ನದು, ಯುಜಿಸಿಯದು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಇತಿಹಾಸದ ಆನರ್ಸ್ ಓದಿನಿಂದ ನಮ್ಮ ತರಗತಿಗೆ ತರಬಹುದಾದ ನಾಲ್ಕು ಅಂಶಗಳನ್ನು ಆರಿಸಿಕೊಂಡೆ. ಒಂದು, ಪಠ್ಯಕ್ಕಿಂತ ಮೊದಲು ಮೂಲ ಆಧಾರ. ಎರಡು, ಬಹಳ ವಿಷಯಗಳ ಬದಲು ಒಂದೇ ಪ್ರಶ್ನೆ. ಮೂರು, ಬರೆದದ್ದನ್ನು ಜೊತೆಗಾರರ ಮುಂದೆ ಓದಿ ಸಮರ್ಥಿಸುವುದು. ನಾಲ್ಕು, ಕಲಿಸದವರಿಂದ ಪರೀಕ್ಷೆ. ಈ ನಾಲ್ಕಕ್ಕೂ ಶೇಕಡ 75ರ ಗೆರೆ ಬೇಕಿಲ್ಲ ಎಂದುಕೊಂಡು ಎರಡನೆಯ ಪಾಠ ಯೋಜಿಸಿದೆ.

ಎರಡನೆಯ ಪಾಠ

ಮರುದಿನ ನನ್ನ ಪಾಠ ಯೋಜನೆಯಲ್ಲಿದ್ದದ್ದು ಮೌರ್ಯರ ಆಡಳಿತ. ಮಹಾವಿದ್ಯಾಲಯದ ಮೇಲ್ವಿಚಾರಕರು ಪಾಠ ವೀಕ್ಷಣೆಗೆ ಬರುವ ದಿನವೂ ಅದೇ ಆಗಿತ್ತು. ಹಿಂದಿನ ದಿನದ ತಪ್ಪನ್ನು ಹೇಳದೆ ಆಡಳಿತದ ಪಾಠ ಮಾಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಹುಡುಗಿ ಮಾತ್ರ ಎಸ್ಸೆಸ್ಸೆಲ್ಸಿ ದಾಟಿ, ಬಿ.ಎ. ದಾಟಿ, ಕಲ್ಲಿನ ಮೇಲೆ ಪ್ರಿಯದರ್ಶಿ ಎಂದಿದೆ ಎಂದು ನಂಬಿಕೊಂಡೇ ಇರುತ್ತಿದ್ದಳು, ನಾನು ನಂಬಿದ್ದಂತೆ. ಬೆಳಿಗ್ಗೆ ಮಾರ್ಗದರ್ಶಿ ಶಿಕ್ಷಕರಿಗೆ ವಿಷಯ ತಿಳಿಸಿದೆ. "ಹದಿನೈದು ನಿಮಿಷದಾಗ ಮುಗಸ್ರಿ, ಪಾಠ ಹಿಂದ ಬೀಳಬಾರದು" ಎಂದು ಒಪ್ಪಿದರು.

ತೊಡಗಿಸಿಕೊಳ್ಳುವಿಕೆ: "ನಿನ್ನೆ ನಾನು ಒಂದು ತಪ್ಪು ಹೇಳಿದ್ದೇನೆ. ಆ ಕಲ್ಲಿನ ಮೇಲೆ ಪ್ರಿಯದರ್ಶಿ ಎಂಬ ಪದ ಇಲ್ಲ" ಎಂದು ಶುರುಮಾಡಿದೆ. ತರಗತಿ ಸುಮ್ಮನಾಯಿತು. ಒಬ್ಬ ಹುಡುಗ ಪುಸ್ತಕ ತೆರೆದು ನಿನ್ನೆಯ ಟಿಪ್ಪಣಿ ಹೊಡೆದುಹಾಕಲು ಪೆನ್ನು ತೆಗೆದ. "ಈಗಲೇ ಹೊಡೆಯಬೇಡ, ಪೂರ್ತಿ ತಪ್ಪೋ ಅರ್ಧ ತಪ್ಪೋ ನೀವೇ ಹೇಳಬೇಕು" ಎಂದೆ.

ಅನ್ವೇಷಣೆ: ಆರು ಗುಂಪು ಮಾಡಿ ಪ್ರತಿ ಗುಂಪಿಗೂ ಒಂದೇ ತರಹದ ಐದು ಚೀಟಿ ಕೊಟ್ಟೆ. ಚೀಟಿಗಳಲ್ಲಿ ಇದ್ದದ್ದು ಇಷ್ಟು:

ಚೀಟಿ 1. ಮಸ್ಕಿ ಶಾಸನ. ದೇವಾನಾಂಪ್ರಿಯ ಇದೆ, ಅಶೋಕ ಇದೆ, ಪ್ರಿಯದರ್ಶಿ ಇಲ್ಲ.

ಚೀಟಿ 2. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ. ಮಸ್ಕಿಯದೇ ವಿಷಯ ಅಲ್ಲಿಯೂ ಇದೆ. ಹೇಳಿದವನು ದೇವಾನಾಂಪ್ರಿಯ ಎಂದಷ್ಟೇ ಇದೆ, ಅಶೋಕ ಇಲ್ಲ.

ಚೀಟಿ 3. ಗುಜರಾತಿನ ಗಿರ್ನಾರ್ ಬಂಡೆಶಾಸನ. ದೇವಾನಾಂಪ್ರಿಯ ಪ್ರಿಯದರ್ಶಿ ರಾಜ ಎಂದಿದೆ, ಅಶೋಕ ಇಲ್ಲ.

ಚೀಟಿ 4. ದೇವಾನಾಂಪ್ರಿಯ ಎಂಬುದು ಒಬ್ಬನದೇ ಬಿರುದಲ್ಲ. ಸಿಂಹಳದ ರಾಜ ತಿಸ್ಸನಿಗೂ ಇತ್ತು, ಬಿಹಾರದ ನಾಗಾರ್ಜುನಿ ಗುಹೆಗಳ ಶಾಸನದಲ್ಲಿ ದಶರಥ ಎಂಬ ಮೌರ್ಯ ರಾಜನಿಗೂ ಇದೆ.

ಚೀಟಿ 5. ಸಿಂಹಳದ ದೀಪವಂಸ ಎಂಬ ಹಳೆಯ ಗ್ರಂಥ ಅಶೋಕನನ್ನು ಪ್ರಿಯದರ್ಶಿ ಎಂಬರ್ಥದ ಹೆಸರಿನಿಂದಲೂ ಕರೆಯುತ್ತದೆ.

ಪ್ರಶ್ನೆ ಒಂದೇ: ಪ್ರಿಯದರ್ಶಿ ಮತ್ತು ಅಶೋಕ ಒಬ್ಬನೇ ಎಂದು ಮಸ್ಕಿ ಕಲ್ಲೊಂದರಿಂದಲೇ ಹೇಳಬಹುದೆ? ಕಪ್ಪುಹಲಗೆಯ ಮೇಲೆ ಮೂರು ಕಂಬ ಎಳೆದೆ: ಕಲ್ಲು ಹೇಳುವುದು, ಕಲ್ಲು ಹೇಳದಿರುವುದು, ನಾವು ಜೋಡಿಸಿ ಹೇಳುವುದು.

ಮೊದಲ ಐದು ನಿಮಿಷ ಎಲ್ಲ ಗುಂಪುಗಳೂ "ಹೇಳಬಹುದು" ಎಂದವು. ದೇವಾನಾಂಪ್ರಿಯ ಎರಡೂ ಕಡೆ ಇದೆಯಲ್ಲ ಎಂಬುದು ಅವರ ಕಾರಣ. ನಾಲ್ಕನೆಯ ಚೀಟಿ ಓದಿದ ಮೇಲೆ ಗದ್ದಲವಾಯಿತು. ಹಿಂದಿನ ಸಾಲಿನ ಒಬ್ಬ ಹುಡುಗ, "ಗೌಡ್ರು ಅಂದ್ರ ನಮ್ಮೂರಾಗೂ ಅದಾರ, ಬಾಜು ಊರಾಗೂ ಅದಾರ. ಇಬ್ಬರೂ ಒಬ್ಬರೇ ಏನ್ರಿ?" ಎಂದ. ಬಿರುದು ಮತ್ತು ಹೆಸರಿನ ವ್ಯತ್ಯಾಸ ಹೇಳಲು ನಾನು ಬರೆದುಕೊಂಡಿದ್ದ ಅರ್ಧ ಪುಟ ವಿವರಣೆ ಬೇಕಾಗಲಿಲ್ಲ.

ವಿವರಣೆ: ಇಲ್ಲಿ ನಾನು ಹಿನ್ನೆಲೆ ಹೇಳಿದೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದಾಗ ಪ್ರಿಯದರ್ಶಿ ಯಾರೆಂದು ತಿಳಿಯಲಿಲ್ಲ. ಸಿಂಹಳದ ರಾಜ ತಿಸ್ಸನಿರಬಹುದು ಎಂದು ಮೊದಲು ಭಾವಿಸಿದರು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್, ದೀಪವಂಸದ ಆಧಾರ ತೋರಿಸಿ ಅವನು ಅಶೋಕನೇ ಎಂದರು. ಅಲ್ಲಿಂದ 1915ರವರೆಗೆ, 78 ವರ್ಷ, ಆ ಗುರುತು ನಿಂತದ್ದು ಗ್ರಂಥದ ಮಾತಿನ ಮೇಲೆ. ಮಸ್ಕಿಯಲ್ಲಿ ಮೊದಲ ಬಾರಿಗೆ ಅಶೋಕ ಎಂಬ ಹೆಸರೇ ದೇವಾನಾಂಪ್ರಿಯನ ಶಾಸನವೊಂದರಲ್ಲಿ ಸಿಕ್ಕಿತು. ಬ್ರಹ್ಮಗಿರಿ ಮುಂತಾದ ಕಡೆ ಅದೇ ವಿಷಯ ಹೇಳಿದ ದೇವಾನಾಂಪ್ರಿಯನ ಸ್ವಂತ ಹೆಸರು ಅಶೋಕ ಎಂದು ಅದರಿಂದ ತಿಳಿಯಿತು. ಟರ್ನರ್ ಹೇಳಿದ್ದಕ್ಕೆ ದೊಡ್ಡ ಬಲ ಬಂತು. ಆದರೆ ಪ್ರಿಯದರ್ಶಿ ಎಂಬ ಪದ ಅಲ್ಲಿಯೂ ಇರಲಿಲ್ಲ.

ವಿಸ್ತರಣೆ: "ಹಾಗಾದರೆ ಪೂರ್ತಿ ಖಾತ್ರಿಯಾಗಲು ಎಂಥ ಕಲ್ಲು ಸಿಗಬೇಕು?" ಎಂದು ಕೇಳಿದೆ. ನಾನು ನಿರೀಕ್ಷಿಸದ ಉತ್ತರ ಆ ಎರಡನೆಯ ಸಾಲಿನ ಹುಡುಗಿಯಿಂದಲೇ ಬಂತು. "ನಮ್ಮ ಮುತ್ಯಾನ ಹೆಸರು ಪಹಣಿನ್ಯಾಗ ಒಂದೈತ್ರಿ, ಆಧಾರದಾಗ ಒಂದೈತ್ರಿ. ದೇವದುರ್ಗಕ್ಕ ಹ್ವಾದ್ರ ಎರಡೂ ಹೆಸರಿರೋ ಕಾಗದ ತರ್ರಿ ಅಂತಾರ. ಹಂಗ ಎರಡೂ ಹೆಸರಿರೋ ಕಲ್ಲು ಬೇಕ್ರಿ ಸರ."

ಆಗ ಮುಚ್ಚಿಟ್ಟಿದ್ದ ಆರನೆಯ ಚೀಟಿ ತೆರೆದೆ. ಮಧ್ಯಪ್ರದೇಶದ ಗುಜರ್ರಾದಲ್ಲಿ 1950ರ ದಶಕದಲ್ಲಿ ದೊರೆತ ಶಾಸನದಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ, ಅಶೋಕರಾಜ ಮೂರೂ ಒಟ್ಟಿಗಿವೆ. ಮಕ್ಕಳು ಚಪ್ಪಾಳೆ ತಟ್ಟಿದರು. 1977ರಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳದಲ್ಲಿ ದೊರೆತ ಶಾಸನಗಳಲ್ಲಿಯೂ ಅಶೋಕನ ಹೆಸರಿದೆ ಎಂಬುದನ್ನು ಕೊನೆಗೆ ಸೇರಿಸಿದೆ.

ಮೌಲ್ಯಮಾಪನ: ಪ್ರತಿ ಗುಂಪು ಮೂರು ವಾಕ್ಯ ಬರೆದು ಓದಬೇಕಿತ್ತು. ಪ್ರಶ್ನೆ ಕೇಳಲು ಶಾಲೆಯ ಕನ್ನಡ ಶಿಕ್ಷಕಿಯನ್ನು ಮೊದಲೇ ವಿನಂತಿಸಿದ್ದೆ. ನಾನು ಪ್ರಶ್ನಿಸಿದರೆ ನನಗೆ ಬೇಕಾದ ಉತ್ತರವನ್ನು ಮಕ್ಕಳು ನನ್ನ ಮುಖ ನೋಡಿಯೇ ಊಹಿಸುತ್ತಾರೆ. ಮೇಡಂ ಒಂದು ಗುಂಪಿಗೆ, "ಸಾಬೀತಾಯಿತು ಅನ್ನೋದಕ್ಕೂ ಬಲ ಬಂತು ಅನ್ನೋದಕ್ಕೂ ಏನು ವ್ಯತ್ಯಾಸ?" ಎಂದು ಕೇಳಿದರು. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಉತ್ತರಿಸಿದ ಹುಡುಗ ಹೇಳಿದ್ದು: "ಸಾಬೀತಾದ್ರ ಮತ್ತ ಕೇಳಂಗಿಲ್ರಿ ಮೇಡಂ. ಬಲ ಬಂದ್ರ ಇನ್ನೂ ಹುಡುಕಬೇಕ್ರಿ."

ಇನ್ನೊಂದು ಗುಂಪು ಹೆಸರುಗಳನ್ನು ಬಿಟ್ಟು ಶಾಸನದ ವಿಷಯಕ್ಕೆ ಹೋಯಿತು. ಧರ್ಮದಲ್ಲಿ ತೊಡಗಿದರೆ ಸಣ್ಣವರೂ ಇದನ್ನು ಪಡೆಯಬಲ್ಲರು, ದೊಡ್ಡವರಿಗಷ್ಟೇ ಸಾಧ್ಯವೆಂದು ತಿಳಿಯಬಾರದು ಎಂಬರ್ಥದ ಮಾತು ಮಸ್ಕಿ ಶಾಸನದಲ್ಲಿದೆ. ಅದನ್ನು ಚಾರ್ಟ್‌ನಲ್ಲಿ ಬರೆದಿದ್ದೆ. "ಅಂದ್ರ ದೊಡ್ಡವರಿಗಷ್ಟೇ ಆಗತೈತಿ ಅಂತ ಆಗೂ ಜನ ತಿಳಕೊಂಡಿದ್ರೇನ್ರಿ?" ಎಂದು ಆ ಗುಂಪು ಕೇಳಿತು. ರಾಜ ಹಾಗೆ ಬರೆಸಬೇಕಾದರೆ ಅಂಥ ಭಾವನೆ ಇದ್ದಿರಬೇಕು ಎಂಬ ಊಹೆಯನ್ನು ಮೂರನೆಯ ಕಂಬದಲ್ಲಿ ಬರೆದೆವು.

ವೀಕ್ಷಕರ ಅಭಿಪ್ರಾಯ ಮತ್ತು ಆತ್ಮವಿಮರ್ಶೆ

ಹದಿನೈದು ನಿಮಿಷ ಎಂದುಕೊಂಡದ್ದು ಪೂರ್ತಿ ಅವಧಿ ತಿಂದಿತು. ಮೌರ್ಯರ ಆಡಳಿತ ಶುರುವೇ ಆಗಲಿಲ್ಲ. ಮೇಲ್ವಿಚಾರಕರು ವೀಕ್ಷಣಾ ಹಾಳೆಯಲ್ಲಿ ಎರಡು ಮಾತು ಬರೆದರು. ವಿಷಯದೋಷವನ್ನು ತಾನೇ ಒಪ್ಪಿಕೊಂಡು ತಿದ್ದಿದ್ದು ಮೆಚ್ಚತಕ್ಕದ್ದು. ಯೋಜಿಸಿದ ಪಾಠ ನಡೆಯದಿರುವುದು ಸಮಯಪಾಲನೆಯ ಲೋಪ. ಎರಡನೆಯದಕ್ಕೆ ಅಂಕ ಹೋಯಿತು. ಎರಡೂ ಸರಿಯೆಂದೇ ಒಪ್ಪುತ್ತೇನೆ. ಉಳಿದ ಪಾಠವನ್ನು ಮಾರ್ಗದರ್ಶಿ ಶಿಕ್ಷಕರು ಶನಿವಾರ ಒಂದು ಅವಧಿ ಬಿಟ್ಟುಕೊಟ್ಟು ಸರಿದೂಗಿಸಿದರು.

ನನ್ನ ಯೋಜನೆಯ ಲೋಪಗಳನ್ನೂ ಹೇಳಬೇಕು. ಐದು ಚೀಟಿ ಹೆಚ್ಚಾದವು. ಓದುವ ವೇಗ ಕಡಿಮೆಯಿರುವ ಮಕ್ಕಳು ಮೂರನೆಯದರಲ್ಲೇ ನಿಂತರು, ಗುಂಪಿನ ಚುರುಕಾದ ಒಬ್ಬಿಬ್ಬರೇ ಉತ್ತರ ಬರೆದರು. ದೀಪವಂಸದ ಚೀಟಿಯನ್ನು ನಾನೇ ಓದಿ ಹೇಳಿ, ಉಳಿದವನ್ನು ಒಂದೊಂದಾಗಿ ಕೊಟ್ಟಿದ್ದರೆ ಚೆನ್ನಾಗಿತ್ತು. ಮೂರು ಕಂಬದ ಪಟ್ಟಿಯನ್ನು ಮಾತ್ರ ಎಲ್ಲರೂ ಬರೆದುಕೊಂಡರು.

ಇದನ್ನು ಆನರ್ಸ್ ಎಂದು ಕರೆಯುವ ಭ್ರಮೆ ನನಗಿಲ್ಲ. ಚೀಟಿಯಲ್ಲಿ ಬರೆದುಕೊಟ್ಟದ್ದು ಮೂಲ ಶಾಸನವಲ್ಲ, ನಾನು ಸೋಸಿ ಕೊಟ್ಟ ಸಾರ. ಆನರ್ಸ್ ವಿದ್ಯಾರ್ಥಿ ಸೋಸದ ರಾಶಿಯೊಳಗೆ ತಾನೇ ಹುಡುಕುತ್ತಾನೆ, ದಾರಿ ತಪ್ಪುತ್ತಾನೆ, ತಿಂಗಳಾದ ಮೇಲೆ ಪ್ರಶ್ನೆಯನ್ನೇ ಬದಲಿಸುತ್ತಾನೆ. ಅದಕ್ಕೆ ಬೇಕಾದ ಸಮಯ, ಗ್ರಂಥಾಲಯ ಮತ್ತು ವಾರವಾರವೂ ಬರೆದದ್ದನ್ನು ಓದಿ ಹಿಂದಿರುಗಿಸುವ ಮಾರ್ಗದರ್ಶಕರು ಒಂದು ಅವಧಿಯ ಪಾಠದಲ್ಲಿ ಸಿಗುವುದಿಲ್ಲ. ಅದು ಸಿಗದೆ ಹೋದದ್ದರ ನಷ್ಟ ನಿಜವಾದದ್ದು. ಅಪ್ಪನಿಗೆ ಕೊಡಲಾಗದ ಉತ್ತರ ಈಗ ನನ್ನಲ್ಲಿದೆ. ಆನರ್ಸ್ ಓದಿದ್ದರೆ ನೌಕರಿ ಬೇರೆ ಸಿಗುತ್ತಿರಲಿಲ್ಲ. ಅದೇ ನೌಕರಿಯಲ್ಲಿ ಆ ಹುಡುಗಿಗೆ "ಹೌದಮ್ಮ" ಎನ್ನುವ ಮೊದಲು ಕಲ್ಲನ್ನು ಓದಿರುತ್ತಿದ್ದೆ.

ನಮ್ಮ ಬಿ.ಇಡಿ. ತರಗತಿಗೆ ಕೆಲವು ಸಲಹೆ

ಇತಿಹಾಸ ಬೋಧನಾ ಪದ್ಧತಿಯ ಪ್ರಶಿಕ್ಷಣಾರ್ಥಿಗಳು ಬರೆಯುವ ನಿಯೋಜಿತ ಕಾರ್ಯಗಳಲ್ಲಿ ಒಂದನ್ನಾದರೂ ಹೀಗೆ ಬದಲಿಸಬಹುದು. ಪ್ರತಿಯೊಬ್ಬರೂ ತಮ್ಮ ತಾಲ್ಲೂಕು ಅಥವಾ ಜಿಲ್ಲೆಯ ಒಂದೇ ಆಧಾರವನ್ನು ಒಂದು ಸೆಮಿಸ್ಟರ್ ಪೂರ್ತಿ ಇಟ್ಟುಕೊಳ್ಳಲಿ. ಹತ್ತು ಪುಟ ನಕಲು ಬೇಡ, ನಾಲ್ಕು ಪುಟ ಸಾಕು; ಆದರೆ ಪ್ರತಿ ವಾಕ್ಯವೂ ಮೂರು ಕಂಬಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಹೇಳುವಂತಿರಲಿ.

ನಮ್ಮ ಜಿಲ್ಲೆಯಲ್ಲಿ ಆಧಾರಗಳ ಕೊರತೆ ಇಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲಿನ ಮೇಲೆ 1294ರ ತೆಲುಗು ಶಾಸನವಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಎಳೆದು ತರುವ ಚಿತ್ರವನ್ನೂ ಕೊರೆದಿದ್ದಾರೆ. ಅಕ್ಷರ ಹೇಳದ ಯಾವುದನ್ನು ಆ ಚಿತ್ರ ಹೇಳುತ್ತದೆ ಎಂಬುದೇ ಒಂದು ಪ್ರಶ್ನೆ. 1520ರ ರಾಯಚೂರು ಯುದ್ಧದ ಬಗ್ಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ವಿಜಯನಗರದ ಕಡೆಯಿಂದ ಬರೆದಿದ್ದಾನೆ, ಫೆರಿಷ್ತಾ ಬಿಜಾಪುರದ ಕಡೆಯಿಂದ ಬರೆದಿದ್ದಾನೆ. ಇಬ್ಬರೂ ಒಪ್ಪುವುದೆಲ್ಲಿ, ಬೇರೆಯಾಗುವುದೆಲ್ಲಿ? ದೇವದುರ್ಗ ತಾಲ್ಲೂಕಿನವರಿಗೆ ಗಬ್ಬೂರಿನ ದೇವಾಲಯಗಳೂ ಶಾಸನಗಳೂ ಹತ್ತಿರದಲ್ಲೇ ಇವೆ.

ಬರೆದದ್ದನ್ನು ಸೆಮಿನಾರಿನಲ್ಲಿ ಓದುವಾಗ ಪ್ರಶ್ನೆ ಕೇಳಲು ಪದ್ಧತಿ ಅಧ್ಯಾಪಕರ ಬದಲು ಹೊರಗಿನ ಒಬ್ಬರು ಬರಲಿ. ಹತ್ತಿರದ ಪದವಿ ಕಾಲೇಜಿನ ಇತಿಹಾಸ ಉಪನ್ಯಾಸಕರಾಗಬಹುದು, ನಮ್ಮಲ್ಲೇ ಗಣಿತ ಕಲಿಸುವವರಾಗಬಹುದು. ಇತಿಹಾಸ ಗೊತ್ತಿಲ್ಲದವರು ಕೇಳುವ ಸರಳ ಪ್ರಶ್ನೆಯೇ ಹೆಚ್ಚು ಕಷ್ಟದ್ದು ಎಂದು ಕನ್ನಡ ಮೇಡಂ ನನಗೆ ತೋರಿಸಿಕೊಟ್ಟರು. ಕೊನೆಯದಾಗಿ, ಪಾಠ ಯೋಜನೆಯ ನಮೂನೆಯಲ್ಲಿ ಬೋಧನೋಪಕರಣದ ಕೆಳಗೆ ಒಂದು ಸಾಲು ಸೇರಿಸಬಹುದು: ಈ ಪಾಠದ ಯಾವ ಆಧಾರವನ್ನು ನಾನು ಮೂಲದಲ್ಲಿ ಓದಿದ್ದೇನೆ? ಆ ಸಾಲು ಅಂದು ನನ್ನ ಯೋಜನೆಯಲ್ಲಿದ್ದಿದ್ದರೆ ಖಾಲಿ ಬಿಡಬೇಕಾಗುತ್ತಿತ್ತು, ಖಾಲಿ ಬಿಟ್ಟದ್ದು ನನ್ನ ಕಣ್ಣಿಗೆ ಬೀಳುತ್ತಿತ್ತು.

ಮುಕ್ತಾಯ

ಇಂಟರ್ನ್‌ಶಿಪ್ ಮುಗಿಯುವ ವಾರ ಕಿರುಪರೀಕ್ಷೆಯಲ್ಲಿ ಮಸ್ಕಿ ಶಾಸನದ ಮಹತ್ವವೇನು ಎಂದು ಎರಡು ಅಂಕದ ಪ್ರಶ್ನೆ ಕೊಟ್ಟೆ. ಬಹಳ ಮಂದಿ ಹಳೆಯ ವಾಕ್ಯವನ್ನೇ ಬರೆದರು. ಗೈಡಿನ ಬಲ ದೊಡ್ಡದು. ಹನ್ನೊಂದು ಮಂದಿ ಬೇರೆ ತರಹ ಬರೆದರು. ಅವರಲ್ಲಿ ಆ ಹುಡುಗಿಯ ಉತ್ತರ ಹೀಗಿತ್ತು: ಮಸ್ಕಿ ಕಲ್ಲು ದೇವಾನಾಂಪ್ರಿಯನ ಹೆಸರು ಅಶೋಕ ಎಂದು ಹೇಳುತ್ತದೆ. ಪ್ರಿಯದರ್ಶಿ ಎಂದು ಹೇಳುವುದಿಲ್ಲ. ಅದಕ್ಕೆ ಬೇರೆ ಕಲ್ಲು ನೋಡಬೇಕು.

ಎರಡು ಅಂಕ ಕೊಟ್ಟೆ. ಮುಂದಿನ ವರ್ಷ ಅದೇ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗಾಗಿ ಚೀಟಿಗಳ ಒಂದು ಪ್ರತಿಯನ್ನು ಪದ್ಧತಿ ವಿಭಾಗದಲ್ಲಿ ಇಟ್ಟಿದ್ದೇನೆ. ಬಳಸುವವರು ನಾಲ್ಕಕ್ಕೆ ಇಳಿಸಿ ಬಳಸಲಿ, ಮತ್ತು ನನ್ನ ಚೀಟಿಗಳಲ್ಲಿ ಏನಾದರೂ ತಪ್ಪು ಕಂಡರೆ ಇದೇ ಪತ್ರಿಕೆಯಲ್ಲಿ ಬರೆಯಲಿ.